ವೆಂಬ್ಲಿಯಲ್ಲಿ ಅಮ್ಮ, ಮಗಳು, ನಾನು: ಮಹಿಳಾ ಎಫ್‌ಎ ಕಪ್ ಫೈನಲ್

ಅಮ್ಮ ಶಿವಮೊಗ್ಗದಿಂದ ಬಂದು ಮೂರು ವಾರ ಆಗಿತ್ತು. ಅರಮನೆ, ಸೇತುವೆ, ಮ್ಯೂಸಿಯಂ ಎಲ್ಲ ತೋರಿಸಿ ಮುಗಿದಿತ್ತು. ಹತ್ತು ವರ್ಷದ ಮಗಳದ್ದು ಮಾತ್ರ ಒಂದೇ ಹಟ, ಅಜ್ಜಿಯೂ ಮ್ಯಾಚಿಗೆ ಬರಬೇಕು ಅಂತ. ಹೀಗೆ 2023ರ ಮೇ 14ರ ಭಾನುವಾರ ಮೂವರೂ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿಗೆ ಹೊರಟೆವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಹೆಂಗಸರ ಕಪ್ಪಿನಲ್ಲಿ ಚೆಲ್ಸಿಗೂ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಫೈನಲ್. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಲಂಡನ್ನಿನ ಕನ್ನಡದ ಗೆಳತಿಯರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖಂಡಿತ ಹೋಗಿ.

ಮೊದಲು ಸೀಟಿನ ವಿಷಯ. ನಾವು ತಗೊಂಡಿದ್ದು ಮೇಲಿನ ಹಂತದಲ್ಲಿ, ನಡುಗೆರೆಯ ನೇರಕ್ಕೆ. ಅಷ್ಟು ಎತ್ತರಕ್ಕೂ ಎಸ್ಕಲೇಟರ್ ಇದೆ. ಅಮ್ಮನ ಮಂಡಿಗೆ ಅದೇ ದೊಡ್ಡ ಉಪಕಾರ. ನಮ್ಮ ಸಾಲಿನ ಕೊನೆಯ ಮೆಟ್ಟಿಲುಗಳನ್ನಷ್ಟೇ ಕೈ ಹಿಡಿದು ಹತ್ತಿಸಿದೆ. ಟಿವಿಯಲ್ಲಿ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಇಲ್ಲಿ ಹಾಗಲ್ಲ, ಚೆಂಡು ಆ ಕಡೆ ಇದ್ದಾಗ ಈ ಕಡೆಯ ಗೋಲ್‌ಕೀಪರ್ ಏನು ಮಾಡುತ್ತಿದ್ದಾಳೆ ಅನ್ನುವುದೂ ಕಾಣುತ್ತದೆ. ಮಗಳಿಗೆ ಬೇಕಿದ್ದದ್ದು ಅದೇ. ಅವಳೂ ಗೋಲ್‌ಕೀಪರ್. ಆಗ ಯುನೈಟೆಡ್‌ನ ಗೋಲ್ ಕಾಯುತ್ತಿದ್ದ ಮೇರಿ ಅರ್ಪ್ಸ್ ಅಂದರೆ ಪ್ರಾಣ. "ನೋಡಮ್ಮಾ, ಚೆಂಡು ಅಷ್ಟು ದೂರ ಇದ್ರೂ ಒಂದು ಕಡೆ ನಿಲ್ತಾನೇ ಇಲ್ಲ ಅವಳು" ಅಂತ ನನ್ನ ತೋಳು ಜಗ್ಗುತ್ತಲೇ ಇದ್ದಳು.

ಎರಡು ಮಾತು ನೆನಪಿಟ್ಟುಕೊಳ್ಳಿ. ಮೇ ತಿಂಗಳಾದರೂ ಸ್ವೆಟರ್ ಬೇಕು. ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿದ್ದರೆ ಒಳಗೆ ಬಿಡುವುದಿಲ್ಲ. ಅಮ್ಮನ ಪುಟ್ಟ ವ್ಯಾನಿಟಿ ಬ್ಯಾಗು, ಅದರೊಳಗಿನ ಕೋಡುಬಳೆ ಪೊಟ್ಟಣದ ಸಮೇತ ಪಾಸಾಯಿತು!

ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಯುನೈಟೆಡ್‌ನ ಲಿಯಾ ಗಾಲ್ಟನ್ ಚೆಂಡನ್ನು ಬಲೆಗೆ ಸೇರಿಸಿಬಿಟ್ಟಳು. ಮಗಳು ಸೀಟಿನ ಮೇಲೇ ಹತ್ತಿ ನಿಂತಳು. ಅಷ್ಟರಲ್ಲಿ ಬಾವುಟ ಮೇಲೆದ್ದಿತ್ತು, ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಅಮ್ಮನಿಗೆ ಆಫ್‌ಸೈಡ್ ಅರ್ಥ ಮಾಡಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ಮೊದಲರ್ಧ ಯುನೈಟೆಡ್ ಚೆನ್ನಾಗಿಯೇ ಆಡಿತು, ಗೋಲು ಮಾತ್ರ ಬರಲಿಲ್ಲ. ಆಮೇಲೆ ಚೆಲ್ಸಿ ಪೆರ್ನಿಲ್ಲೆ ಹಾರ್ಡರ್‌ಳನ್ನು ಇಳಿಸಿತು. 68ನೇ ನಿಮಿಷದಲ್ಲಿ ಅವಳು ಕೊಟ್ಟ ಚೆಂಡನ್ನು ಸ್ಯಾಮ್ ಕೆರ್ ಹತ್ತಿರದಿಂದ ಒಳಗೆ ಹಾಕಿದಳು. ಅಮ್ಮನ ಕೈಯಲ್ಲಿದ್ದ ಕೋಡುಬಳೆ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಕೆರ್‌ಳ ಅಪ್ಪ ಹುಟ್ಟಿದ್ದು ಕೋಲ್ಕತ್ತದಲ್ಲಿ ಅಂತ ನಾನು ಹೇಳಿದ್ದೇ ತಡ, ಅಮ್ಮ ಚೆಲ್ಸಿ ಕಡೆ ಸೇರಿಬಿಟ್ಟರು. ಅಜ್ಜಿ ಮೊಮ್ಮಗಳ ನಡುವೆ ಸಣ್ಣ ಜಗಳವೇ ಆಯಿತು. ಕೊನೆಗೆ 1-0. ಚೆಲ್ಸಿಗೆ ಸತತ ಮೂರನೇ ಕಪ್.

ದೊಡ್ಡ ಪರದೆಯ ಮೇಲೆ ಜನರ ಲೆಕ್ಕ ಬಂತು: 77,390. ಈ ಕಪ್ಪಿನ ಫೈನಲ್‌ಗೆ ಹಿಂದೆಂದೂ ಅಷ್ಟು ಜನ ಬಂದಿರಲಿಲ್ಲ. "ಎಲ್ಲಾ ಹೆಣ್ಣುಮಕ್ಕಳ ಆಟ ನೋಡಕ್ಕೇ ಬಂದವರಾ?" ಅಂತ ಅಮ್ಮ ಎರಡು ಸಲ ಕೇಳಿದರು. ನನಗೆ ಗಂಟಲು ಕಟ್ಟಿತು. ನಾನು ಓದಿದ ಶಾಲೆಯಲ್ಲಿ ಫುಟ್‌ಬಾಲ್ ಹುಡುಗರಿಗೆ, ನಮಗೆ ಥ್ರೋಬಾಲ್. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಂಗ್ಲೆಂಡಿನಲ್ಲೂ ಬೇರೆ ಕಥೆಯೇನಲ್ಲ. 1920ರಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಹೆಂಗಸರ ಮ್ಯಾಚಿಗೆ 53,000 ಜನ ಸೇರಿದ್ದರು. ಮರುವರ್ಷವೇ ಎಫ್‌ಎ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡಬಾರದು ಅಂತ ಬಾಗಿಲು ಹಾಕಿತು. ಸುಮಾರು 50 ವರ್ಷ ಹಾಗೇ ಇತ್ತು. ನಾವು ನೋಡಿದ 2023ರಲ್ಲೂ ಗೆದ್ದ ಹೆಣ್ಣುಮಕ್ಕಳ ತಂಡಕ್ಕೆ ಫೈನಲ್ ಬಹುಮಾನ 1 ಲಕ್ಷ ಪೌಂಡ್ ಇತ್ತು, ಗಂಡಸರಿಗೆ 20 ಲಕ್ಷ. ಇದು ಸರಿಯಲ್ಲ ಅಲ್ವಾ? ಟಿಕೆಟ್ ಕೊಂಡು ಮೈದಾನ ತುಂಬಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಬೇಡದ ಖರ್ಚು ಒಂದೇ. ದಾರಿಬದಿಯಲ್ಲಿ ಒಬ್ಬರ ಹತ್ತಿರ ಎರಡೂ ತಂಡದ ಬಣ್ಣವಿದ್ದ ಸ್ಕಾರ್ಫ್ ಕೊಂಡೆವು. ಮೊದಲ ಒಗೆತಕ್ಕೇ ಕೆಂಪು ಬಣ್ಣ ನೀಲಿಗೆ ಇಳಿಯಿತು, ಜೊತೆಗೆ ಮಗಳ ಬಿಳಿ ಅಂಗಿಗೂ.

ಆಟ ಮುಗಿದ ತಕ್ಷಣ ವೆಂಬ್ಲಿ ಪಾರ್ಕ್ ಸ್ಟೇಷನ್ ಕಡೆ ಓಡಬೇಡಿ. ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನಾವು ಕಪ್ ಎತ್ತುವುದನ್ನು ನೋಡಿಕೊಂಡು, ಸುಮ್ನೆ ಕೂತು, ಜನ ಕರಗಿದ ಮೇಲೆ ಈಲಿಂಗ್ ರೋಡಿಗೆ ಹೋಗಿ ಬಿಸಿ ಮಸಾಲೆದೋಸೆ ತಿಂದೆವು. ಮಗಳು ಅತ್ತಿದ್ದಳು, ಕಣ್ಣು ಇನ್ನೂ ಕೆಂಪಗಿತ್ತು. ಅಮ್ಮ ದೋಸೆ ಮುರಿದು ಅವಳ ಬಾಯಿಗಿಟ್ಟು ನನ್ನ ಕಡೆ ತಿರುಗಿದರು. "ಮುಂದಿನ ಸಲ ಗೋಲಿನ ಹಿಂದೇನೇ ಸೀಟು ತಗೊಳ್ಳೇ. ಆ ಹುಡುಗಿ ಹೆಂಗೆ ಹಿಡೀತಾಳೆ ಅಂತ ಇವಳು ಹತ್ರದಿಂದ ನೋಡ್ಲಿ."