ಹೊಳೆಯುವ ವಾರ್ನಿಷ್ ನೋಡಿ ವಿಮಾನದ ಪ್ರೊಪೆಲ್ಲರ್ ಕೊಳ್ಳಬೇಡಿ

ಹಳೇ ಸಣ್ಣ ವಿಮಾನದ ಮರದ ಪ್ರೊಪೆಲ್ಲರ್ ಇದೆ, ಇಂಜಿನ್‌ಗೆ ಹಾಕಿ ಓಡಿಸಬಹುದು ಅಂತ ಚೆಂದದ ಫೋಟೋಗಳ ಸಮೇತ ಯಾರಾದರೂ ಮೆಸೇಜ್ ಕಳಿಸಿದರೆ, ಮುಂಗಡ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ನಮಗೆ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಜನ ನಿಂತಿದ್ದ ಅಂಗಳದಲ್ಲಿ ಒಂದು ಜೀವ ಹೋಗಬಹುದಿತ್ತು.

ನಮ್ಮ ಹತ್ತಿರ ಇರುವುದು ಪುಷ್ಪಕ್. ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ಎರಡು ಸೀಟಿನ ವಿಮಾನ, 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿದ್ದು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ, ಮುಂದೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ-90 ಇಂಜಿನ್. ನೂರೈವತ್ತಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲೇ. ನಮ್ಮದು ಗುಜರಿಗೆ ಹಾಕಿದ್ದನ್ನು ತಂದದ್ದು, ಹಾರುವುದಿಲ್ಲ. ಹೊಸನಗರದ ಕಡೆ ನಮ್ಮ ತೋಟದ ಮನೆಯ ಕೊಟ್ಟಿಗೆಯಲ್ಲಿ ಇಟ್ಟುಕೊಂಡು, ಇಂಜಿನ್ ಓಡುವ ಸ್ಥಿತಿಗೆ ತಂದು ಶಾಲೆ ಮಕ್ಕಳಿಗೆ ತೋರಿಸಬೇಕು ಅನ್ನುವುದು ನನ್ನ ಸೋದರಮಾವನ ಆಸೆ. ಅವರು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಹುಡುಗರಿಗೆ ವಿಮಾನ ಅಂದರೆ ಎಲ್ಲಿಲ್ಲದ ಉತ್ಸಾಹ. ಇಂಥ ಹಳೇ ಸಾಮಾನು ಮಾರುವವರಿಗೂ ಅದು ಗೊತ್ತು.

ನಮಗೆ ಸಿಕ್ಕ ವ್ಯಾಪಾರಿ ಹೊರ ಊರಿನವರು. ಪ್ರೊಪೆಲ್ಲರ್ ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಡುವಿನ ಹಬ್ ಮೇಲೆ 72-48 ಅಂತ ಅಚ್ಚು. ಅಂದರೆ ತುದಿಯಿಂದ ತುದಿಗೆ 72 ಇಂಚು, ಪಿಚ್ 48 ಇಂಚು. ಗಾಳಿಯಲ್ಲಿ ಜಾರದೆ ಒಂದು ಸುತ್ತು ಸುತ್ತಿದರೆ 48 ಇಂಚು ಮುಂದೆ ಹೋಗುತ್ತದೆ ಅಂತ ಲೆಕ್ಕ. "ವಾರ್ನಿಷ್ ಕೆರೆದರೆ ವಾಪಸ್ ತಗೊಳ್ಳಲ್ಲ" ಅನ್ನುವ ಷರತ್ತು ಬೇರೆ. ಈ ಮಾತು ಯಾರ ಬಾಯಲ್ಲಿ ಬಂದರೂ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. ಒಳಗಿನ ಮರ ತೋರಿಸಲು ಒಪ್ಪದವರ ಪ್ರೊಪೆಲ್ಲರ್ ಇಂಜಿನ್‌ಗೆ ಹಾಕುವಂಥದ್ದಲ್ಲ.

ಜೋಡಿಸಿ ತೋರಿಸಲು ವ್ಯಾಪಾರಿಯ ಕಡೆಯವರೇ ಒಬ್ಬರು ಬಂದಿದ್ದರು. ಚಕ್ರಗಳಿಗೆ ಅಡ್ಡ ಮರ ಕೊಟ್ಟು, ಬಾಲವನ್ನು ಹಗ್ಗದಲ್ಲಿ ಬಿಗಿದು, ಎಲ್ಲರನ್ನೂ ವಿಮಾನದ ಹಿಂದಕ್ಕೆ ದೂರ ಕಳಿಸಿದ್ದು ಮಾವ. ಪ್ರೊಪೆಲ್ಲರಿನ ಮುಂದೆ ಮಾತ್ರವಲ್ಲ, ಅದು ಸುತ್ತುವ ಸಮತಲದ ಎಡಬಲದಲ್ಲೂ ಯಾರೂ ನಿಲ್ಲಬಾರದು. ಬ್ಲೇಡು ಕಿತ್ತರೆ ಹಾರುವುದು ಆ ಕಡೆಗೇ. ಈ ಇಂಜಿನ್‌ಗೆ ಸ್ಟಾರ್ಟರ್ ಇಲ್ಲ, ಕೈಯಲ್ಲೇ ಪ್ರೊಪೆಲ್ಲರ್ ತಿರುಗಿಸಿ ಚಾಲೂ ಮಾಡಬೇಕು. ಸ್ವಿಚ್ ಆಫ್ ಇದ್ದರೂ ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಅರ್ತ್ ತಂತಿ ತುಂಡಾಗಿದ್ದರೆ ಇಂಜಿನ್ ಹೊತ್ತಿಕೊಳ್ಳಬಹುದು, ಹಾಗಾಗಿ ನಿಂತ ಪ್ರೊಪೆಲ್ಲರನ್ನೂ ಮುಟ್ಟುವಾಗ ಅದು ಈಗಲೇ ತಿರುಗುತ್ತದೆ ಅಂದುಕೊಂಡೇ ಮುಟ್ಟಬೇಕು.

ಇಂಜಿನ್ ಹಿಡಿಯಿತು. ಥ್ರಾಟಲ್ ಸ್ವಲ್ಪ ಕೊಡುತ್ತಿದ್ದ ಹಾಗೇ ಸುತ್ತು ಸರಸರನೆ ಏರಿತು. "ನೋಡಿ ಸರ್, ಎಷ್ಟು ಸಲೀಸಾಗಿ ಏರ್ತಿದೆ!" ಅಂತ ವ್ಯಾಪಾರಿಯ ಕಡೆಯವರು ಕೂಗಿದರು. ಅಷ್ಟರಲ್ಲಿ ಮುಂದಿನ ಗಾಜು ಅದುರತೊಡಗಿತು, ಮೂತಿಯ ಮುಚ್ಚಳ ಕುಣಿಯಿತು. ಕಾಕ್‌ಪಿಟ್‌ನಲ್ಲಿದ್ದ ಮಾವ ತಕ್ಷಣ ಎರಡೂ ಮ್ಯಾಗ್ನೆಟೋ ಬಂದ್ ಮಾಡಿದರು. ಇಳಿದವರೇ ಹೇಳಿದ್ದು, "ಸಲೀಸಾಗಿ ಏರ್ತದೆ ಅಂದ್ರೆ ಗಾಳಿ ಹಿಡೀತಿಲ್ಲ ಅಂತ ಅರ್ಥ ಮಾರಾಯ್ರೆ. ಬಿಚ್ಚಿ ಮೊದಲು."

ಈ ಅಂಶವನ್ನು ಕೊಳ್ಳುವವರೆಲ್ಲ ತಿಳಿದಿರಬೇಕು. ಪಿಚ್ ಕಡಿಮೆಯಾದಷ್ಟೂ ಇಂಜಿನ್ ಹಗುರಾಗಿ ತಿರುಗುತ್ತದೆ, ನೋಡುವವರಿಗೆ ಜೋರಾಗಿ ಕಾಣುತ್ತದೆ. ಸಿ-90 ಇಂಜಿನ್‌ನ ಸತತವಾಗಿ ಓಡಿಸುವ ಮಿತಿ ನಿಮಿಷಕ್ಕೆ 2475 ಸುತ್ತು. ಪಿಚ್ ತೀರಾ ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿದರೆ ಹಾರಾಟದಲ್ಲಿ ಅದು ಮಿತಿ ದಾಟುತ್ತದೆ. ಪಿಚ್ ತೀರಾ ಹೆಚ್ಚಾದರೆ ಇಂಜಿನ್‌ಗೆ ಸುತ್ತೇ ಬರದೆ ಪೂರ್ತಿ ಶಕ್ತಿ ಸಿಗುವುದಿಲ್ಲ, ನೆಲ ಬಿಡಲು ಒದ್ದಾಡುತ್ತದೆ. ಅದಕ್ಕೇ ವಿಮಾನದ ದಾಖಲೆಯಲ್ಲಿ, ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟಾಗ ಇಷ್ಟರಿಂದ ಇಷ್ಟರೊಳಗೆ ಸುತ್ತು ಬರಬೇಕು ಅಂತ ಮಿತಿ ಕೊಟ್ಟಿರುತ್ತಾರೆ. ಹಳೇ ಮೀಟರಿನ ಮುಳ್ಳನ್ನು ನಂಬಿ ಇದನ್ನು ತೀರ್ಮಾನಿಸಬೇಡಿ. ಬೆಳಕಿನಿಂದ ಸುತ್ತು ಎಣಿಸುವ ಟ್ಯಾಕೋಮೀಟರ್ ಇಟ್ಟುಕೊಳ್ಳಿ, ಗಾಳಿ ಇಲ್ಲದ ಬೆಳಿಗ್ಗೆ ಅಳೆಯಿರಿ. ಟ್ಯೂಬ್‌ಲೈಟ್ ಇರುವ ಕೊಟ್ಟಿಗೆಯಲ್ಲಿ ಅಳೆದರೆ ಅದು ದೀಪದ ಮಿಣುಕನ್ನೇ ಎಣಿಸಿ ತಪ್ಪು ಲೆಕ್ಕ ಕೊಡಬಹುದು.

ಬಿಚ್ಚಿದ ಮೇಲೆ ಕೋನ ಅಳೆದೆವು. 72-48 ಪ್ರೊಪೆಲ್ಲರ್ ಆದರೆ ನಡುವಿನಿಂದ 27 ಇಂಚು ದೂರದಲ್ಲಿ ಬ್ಲೇಡಿನ ಕೋನ ಸುಮಾರು 15.8 ಡಿಗ್ರಿ ಬರಬೇಕು. 27 ಇಂಚು ತ್ರಿಜ್ಯದ ವೃತ್ತದ ಸುತ್ತಳತೆ ಸುಮಾರು 170 ಇಂಚು, 48ನ್ನು ಅದರಿಂದ ಭಾಗಿಸಿದರೆ ಕೋನದ ಟ್ಯಾಂಜೆಂಟ್ ಸಿಗುತ್ತದೆ; ಪಿಯುಸಿ ಓದಿದ ಯಾರಾದರೂ ಮಾಡಬಹುದಾದ ಲೆಕ್ಕ. ಒಂದು ಬ್ಲೇಡು ಇದಕ್ಕೆ ಹತ್ತಿರ ಇತ್ತು. ಇನ್ನೊಂದು ಎರಡು ಡಿಗ್ರಿ ಕಡಿಮೆ. ಎರಡು ಡಿಗ್ರಿ ಅಂದರೆ ಪಿಚ್‌ನಲ್ಲಿ ಆರು ಇಂಚಿನ ವ್ಯತ್ಯಾಸ. ಒಂದು ಬ್ಲೇಡು 48, ಇನ್ನೊಂದು 42ರ ಆಸುಪಾಸು! ಏಟು ಬಿದ್ದಿದ್ದ ಬ್ಲೇಡನ್ನು ಯಾರೋ ಉಜ್ಜಿ ಉಜ್ಜಿ ಸರಿಮಾಡಿದ್ದರು.

ತೂಕದ ವ್ಯತ್ಯಾಸ ಇನ್ನೂ ಅಪಾಯಕಾರಿ. 72 ಇಂಚಿನ ಪ್ರೊಪೆಲ್ಲರಿನ ಒಂದು ತುದಿಯಲ್ಲಿ ಬರೀ 10 ಗ್ರಾಂ ಹೆಚ್ಚಿದ್ದರೂ 2400 ಸುತ್ತಿನಲ್ಲಿ ಅದು ಸುಮಾರು 60 ಕೆ.ಜಿ. ತೂಕದಷ್ಟು ಬಲದಿಂದ ಇಂಜಿನ್ನನ್ನು ಎಳೆಯುತ್ತದೆ, ಒಂದೊಂದು ಸುತ್ತಿಗೂ ದಿಕ್ಕು ಬದಲಿಸುತ್ತಾ. ಬ್ಲೇಡಿನ ಒಂದು ತುಂಡೇ ಕಿತ್ತುಹೋದರೆ ಇಂಜಿನ್ ತನ್ನ ಚೌಕಟ್ಟಿನಿಂದಲೇ ಹರಿದು ಬರಬಹುದು.

ಮಾರನೇ ದಿನ ನಮ್ಮೂರ ಆಚಾರ್ರನ್ನು ಕರೆಸಿದೆವು. ವಿಮಾನ ಅವರಿಗೆ ಗೊತ್ತಿಲ್ಲ, ಮರ ಗೊತ್ತು. ನಾಣ್ಯದಿಂದ ಬ್ಲೇಡಿನ ಉದ್ದಕ್ಕೂ ತಟ್ಟುತ್ತಾ ಬಂದವರು ಒಂದು ಕಡೆ ನಿಂತರು. ಅಲ್ಲಿಯವರೆಗೆ ಟಣ್ ಅನ್ನುತ್ತಿದ್ದದ್ದು ಅಲ್ಲಿ ಬೊದ್ದಾಗಿ ಕೇಳಿತು. "ಇಲ್ಲಿ ಹಲಗೆ ಬಿಟ್ಟುಕೊಂಡಿದೆ ಮಾರಾಯ್ರೆ, ಅಂಟು ಹೋಗಿದೆ." ಆಮೇಲೆ ಹಬ್ ಹತ್ತಿರ ಕಣ್ಣಿಟ್ಟು, "ಇದು ಮರ ಅಲ್ಲ, ಪುಟ್ಟಿ. ಮರದ ಎಳೆ ಇಲ್ಲಿಗೆ ಬಂದು ನಿಂತೇ ಹೋಗಿದೆ ನೋಡಿ" ಅಂದರು. ವಾರ್ನಿಷ್ ಕೆರೆಸಿದೆವು. ಬೋಲ್ಟಿನ ತೂತುಗಳು ಹಿಂದೆಯೇ ಸವೆದು ಮೊಟ್ಟೆಯಾಕಾರವಾಗಿದ್ದವು. ಅವನ್ನು ಪುಟ್ಟಿಯಿಂದ ತುಂಬಿ ಮತ್ತೆ ಕೊರೆದಿದ್ದರು. ಹಬ್ಬಿನ ಮುಖದಲ್ಲಿ ಹಳೇ ಸುಟ್ಟ ಕಲೆ. ಬೋಲ್ಟು ಸಡಿಲವಾಗಿ ಲೋಹ ಮತ್ತು ಮರ ತಿಕ್ಕಿಕೊಂಡಾಗ ಆಗುವ ಕಲೆ ಅದು. ಅಚ್ಚು ಹಾಕಿದ್ದ ನಂಬರಿನ ಅರ್ಧ ಭಾಗ ಪುಟ್ಟಿಯ ಮೇಲಿತ್ತು.

ಮಲೆನಾಡಿನವರಿಗೆ ಇನ್ನೂ ಒಂದು ಮಾತು ಬಿಡಿಸಿ ಹೇಳಬೇಕು. ಅಸಲಿ, ಒಳ್ಳೇ ಮರದ ಪ್ರೊಪೆಲ್ಲರ್ ಕೂಡ ನಮ್ಮ ಹವೆಯಲ್ಲಿ ಸುಮ್ಮನಿರುವುದಿಲ್ಲ. ಮಳೆಗಾಲದ ತಿಂಗಳುಗಟ್ಟಲೆ ತೇವದಲ್ಲಿ ಮರ ಉಬ್ಬುತ್ತದೆ, ಬೋಲ್ಟಿನ ಕೆಳಗೆ ಅದರ ಎಳೆಗಳು ನುಗ್ಗಾಗುತ್ತವೆ. ಫೆಬ್ರುವರಿ-ಮಾರ್ಚಿಗೆ ಒಣಗಿ ಕುಗ್ಗಿದಾಗ ಅದೇ ಬೋಲ್ಟು ಸಡಿಲವಾಗುತ್ತದೆ. ಆದ್ದರಿಂದ ಹೊಸದಾಗಿ ಜೋಡಿಸಿ ಮೊದಲ ಸಲ ಓಡಿಸಿದ ಮೇಲೆ, ಆಮೇಲೆ ಋತು ಬದಲಾದಾಗಲೆಲ್ಲ, ತಯಾರಕರು ಕೊಟ್ಟ ಅಳತೆಗೆ ಬೋಲ್ಟುಗಳ ಬಿಗಿತವನ್ನು ಟಾರ್ಕ್ ವ್ರೆಂಚ್‌ನಿಂದ ನೋಡಲೇಬೇಕು. ಕೈಯಂದಾಜಿನಲ್ಲಿ ಬಿಗಿಯುವ ಕೆಲಸ ಬೇಡ, ಹೆಚ್ಚು ಬಿಗಿದರೂ ಮರ ಹಾಳು. ಬಿಗಿದ ಮೇಲೆ ಎರಡೂ ತುದಿಗಳು ಒಂದೇ ಸಮತಲದಲ್ಲಿ ಸುತ್ತುತ್ತವೆಯೇ ನೋಡಿ. ಮರದ್ದಕ್ಕೆ ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಿಲ್ಲಿಸಿಡುವಾಗ ಬ್ಲೇಡುಗಳು ಅಡ್ಡಕ್ಕೆ ಇರಲಿ. ಲಂಬವಾಗಿ ಬಿಟ್ಟರೆ ತೇವ ಕೆಳಗಿನ ಬ್ಲೇಡಿಗೆ ಇಳಿದು ತೂಕ ತಪ್ಪುತ್ತದೆ. ತುದಿಯ ಲೋಹದ ಹೊದಿಕೆಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮ ವ್ಯಾಪಾರಿ ಅವನ್ನೂ ವಾರ್ನಿಷ್‌ನಿಂದ ಮುಚ್ಚಿಬಿಟ್ಟಿದ್ದರು.

ನಿಮ್ಮ ವಿಮಾನ ಹಾರುವಂಥದ್ದಾದರೆ ಇಷ್ಟೆಲ್ಲ ಪರೀಕ್ಷೆ ಮಾಡಿದರೂ ಸಾಲದು. ಆ ವಿಮಾನಕ್ಕೆ ಅನುಮೋದನೆಯಾದ ಮಾದರಿಯೇ ಆಗಿರಬೇಕು, ಜೊತೆಗೆ ಬಳಕೆಗೆ ಯೋಗ್ಯ ಅನ್ನುವ ಬಿಡುಗಡೆ ಪ್ರಮಾಣಪತ್ರ ಇರಬೇಕು, ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಪರವಾನಗಿ ಇರುವ ಇಂಜಿನಿಯರ್ ಜೋಡಿಸಿ ಸಹಿ ಹಾಕಬೇಕು.

ದುಡ್ಡು ವಾಪಸ್ ಕೇಳಿದಾಗ ವ್ಯಾಪಾರಿ ಬಿಲ್ ತೋರಿಸಿದರು. ಅದರಲ್ಲಿ "ಅಲಂಕಾರಿಕ ಹಳೆಯ ವಸ್ತು" ಅಂತ ಬರೆದಿತ್ತು. ಫೋನಿನಲ್ಲಿ ಇಂಜಿನ್‌ಗೆ ಹಾಕಬಹುದು ಅಂದವರು, ಜೋಡಿಸಲು ಜನ ಕಳಿಸಿದವರು, ಕಾಗದದಲ್ಲಿ ಗೋಡೆಗೆ ತೂಗುಹಾಕುವ ಸಾಮಾನು ಮಾರಿದ್ದರು. ಬಿಲ್ಲಿನಲ್ಲಿ ಏನು ಬರೆಯುತ್ತೀರಿ ಅಂತ ಮೊದಲೇ ಕೇಳಿ, ಓಡಿಸಲು ಯೋಗ್ಯ ಅನ್ನುವ ಮಾತನ್ನು ಬರಹದಲ್ಲೇ ತರಿಸಿಕೊಳ್ಳಿ.

ಈಗಾಗಲೇ ಮೋಸ ಹೋದವರು ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾವು ಶಿವಮೊಗ್ಗದಲ್ಲಿ ಕೊಟ್ಟಿದ್ದೇವೆ. ದೂರಿನ ವಿಷಯ ತಿಳಿದ ಮೇಲೆ ಆ ವ್ಯಾಪಾರಿ ಫೋನ್ ಮಾಡಿ, ಪ್ರೊಪೆಲ್ಲರ್ ವಾಪಸ್ ಕಳಿಸಿ, ಅರ್ಧ ದುಡ್ಡು ಕೊಡುತ್ತೇನೆ ಅಂದರು. ಕಳಿಸಲಿಲ್ಲ. ಅದು ನಮ್ಮ ಸಾಕ್ಷಿ. ಮೇಲಾಗಿ ಕಳಿಸಿದ್ದರೆ ಅದಕ್ಕೆ ಇನ್ನೊಂದು ಸಲ ವಾರ್ನಿಷ್ ಬಿದ್ದು, ಮತ್ತೊಬ್ಬರ ಇಂಜಿನ್ ಮುಂದೆ ಕೂರುತ್ತಿತ್ತು.