ಕೊಂಡ ಮೇಲೆ ಆಟದೊಳಗೆ ಆಂಟಿ-ಚೀಟ್ ತುರುಕಿದರೆ ರಿಫಂಡ್ ಸಿಗುತ್ತದೆಂದು ನಂಬಬೇಡಿ

ಪೂರ್ತಿ ಬೆಲೆ ಕೊಟ್ಟು ಕೊಂಡ ಆಟವನ್ನು ಒಂದು ಅಪ್‌ಡೇಟ್‌ನಿಂದಾಗಿ ನಾನೀಗ ಆಡುವಂತಿಲ್ಲ, ಹಣವೂ ಮರಳಿಲ್ಲ. ಕೊಳ್ಳುವಾಗ ಮಾರಾಟದ ಪುಟದಲ್ಲಿ ಆಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ತಂತ್ರಾಂಶ, ಎಂಬ ಮಾತೇ ಇರಲಿಲ್ಲ. ನಾನು ಆಡುತ್ತಿದ್ದುದು ಕಥೆಯ ಭಾಗವನ್ನು ಮಾತ್ರ. ಆನ್‌ಲೈನ್ ಪಂದ್ಯಗಳ ಕಡೆಗೆ ತಲೆ ಹಾಕಿಯೂ ಮಲಗಿದವನಲ್ಲ.

ಅಪ್‌ಡೇಟ್ ಮುಗಿದ ಮೇಲೆ ಆಟ ತೆರೆದರೆ, ವಿಂಡೋಸ್ ಅನುಮತಿ ಕೇಳಿತು: ಕರ್ನೆಲ್ ಮಟ್ಟದಲ್ಲಿ, ಅಂದರೆ ಇಡೀ ಕಂಪ್ಯೂಟರಿನ ಮೇಲೆ ಕಣ್ಣಿಡಬಲ್ಲಷ್ಟು ಆಳದಲ್ಲಿ ಕೆಲಸ ಮಾಡುವ ಡ್ರೈವರ್ ಎಂಬ ತಂತ್ರಾಂಶವೊಂದನ್ನು ಆ ಆಂಟಿ-ಚೀಟ್‌ಗಾಗಿ ಹಾಕಬೇಕಂತೆ. 'ಬೇಡ' ಎಂದು ಒತ್ತಿದೆ, ಆಟ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಅದೇ. ಒಬ್ಬನೇ ಕುಳಿತು ಆಡುವ ಕಥೆಯಲ್ಲಿ ನಾನು ಯಾರಿಗೆ ಮೋಸ ಮಾಡಲು ಸಾಧ್ಯ?

ರಿಫಂಡ್ ಕೇಳಿದಾಗ ಮಳಿಗೆಯಿಂದ ಬಂದ ಉತ್ತರ: "ನೀವು 2 ಗಂಟೆಗಿಂತ ಹೆಚ್ಚು ಆಡಿದ್ದೀರಿ." ಆಟಗಳನ್ನು ಮಾರುವ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ ರಿಫಂಡ್ ಬೇಕಾದರೆ ಕೊಂಡ 14 ದಿನಗಳೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕೆಂಬ ನಿಯಮವಿದೆಯಲ್ಲ, ನಾನು ಕೊಂಡ ಮಳಿಗೆಯದೂ ಅದೇ ಬಗೆಯದು. ಆದರೆ ನಾನು ಆಡಿದ್ದು ಹಳೆಯ ಆಟವನ್ನು. ಬದಲಾದ ಆಟವನ್ನು ಒಂದು ನಿಮಿಷವೂ ಆಡಿಲ್ಲ. ಇದನ್ನೇ ಬಿಡಿಸಿ ಬರೆದರೆ, "ಬದಲಾವಣೆ ಮಾಡಿದವರು ತಯಾರಕರು, ಅವರನ್ನು ಕೇಳಿ" ಎಂದರು. ತಯಾರಕರು, "ಹಣದ ವಿಷಯ ಮಳಿಗೆಯದು, ಅಲ್ಲದೆ ಆಟ ಬದಲಾಗಬಹುದೆಂಬ ಷರತ್ತನ್ನು ನೀವು ಒಪ್ಪಿದ್ದೀರಿ" ಎಂದು ಬರೆದು, ಕೊನೆಯಲ್ಲಿ "ಆಟವನ್ನು ಆನಂದಿಸಿ!" ಎಂದು ಸೇರಿಸಿದ್ದರು. ಆನಂದಿಸಿ! ತೆರೆಯಲೇ ಆಗದ ಆಟವನ್ನು! ನನ್ನ ಪತ್ರವನ್ನು ಯಾರೂ ಓದಿಯೇ ಇಲ್ಲವೆಂದು ತಿಳಿದದ್ದು ಆ ಸಾಲಿನಿಂದ. ಅಷ್ಟು ಹೊತ್ತು ಕುಳಿತು ವಿನಯದಿಂದ ವಿವರಿಸಿದ್ದಕ್ಕೆ ಮುಖಕ್ಕೆ ಹೊಡೆದಂತಾಯಿತು.

ಇದನ್ನು ಸರಿಪಡಿಸುವುದು ಆಗದ ಕೆಲಸವೇನಲ್ಲ. 2020ರ ಮೇ ತಿಂಗಳಲ್ಲಿ ಡೂಮ್ ಎಟರ್ನಲ್ ಎಂಬ ಆಟಕ್ಕೆ ಹೀಗೆಯೇ ಅಪ್‌ಡೇಟ್ ಮೂಲಕ ಡೆನುವೊ ಎಂಬ ಆಂಟಿ-ಚೀಟ್ ಸೇರಿಸಿ, ಆಟಗಾರರು ಸಿಡಿದೆದ್ದ ಮೇಲೆ ತೆಗೆದುಹಾಕಿದರು. ಐರೋಪ್ಯ ಒಕ್ಕೂಟದ 2019/770 ನಿರ್ದೇಶನದ 19ನೆಯ ವಿಧಿಯ ಪ್ರಕಾರ, ಬದಲಾವಣೆಯಿಂದ ಬಳಕೆಗೆ ಗಣನೀಯ ತೊಂದರೆಯಾದರೆ ಗ್ರಾಹಕ 30 ದಿನಗಳೊಳಗೆ ಒಪ್ಪಂದ ಮುರಿಯಬಹುದು. ಮಾರಾಟಗಾರ ಹಳೆಯ ಆವೃತ್ತಿಯನ್ನೇ ಉಚಿತವಾಗಿ ಉಳಿಸಿಕೊಳ್ಳಲು ಬಿಟ್ಟರೆ ಮಾತ್ರ ಆ ಹಕ್ಕಿಲ್ಲ. ನಮಗೆ ಹಳೆಯ ಆವೃತ್ತಿಯೂ ಇಲ್ಲ, ಹಣವೂ ಇಲ್ಲ. ಕರ್ನೆಲ್ ಮಟ್ಟದ ಆಂಟಿ-ಚೀಟ್ ಇದ್ದರೆ ಪುಟದಲ್ಲಿ ತಿಳಿಸಲೇಬೇಕೆಂದು ಸ್ಟೀಮ್ 2024ರ ಅಕ್ಟೋಬರ್‌ನಲ್ಲಿ ಕಡ್ಡಾಯ ಮಾಡಿತು, ಸರಿ; ಆದರೆ ಆಗಲೇ ಕೊಂಡು ಕುಳಿತವನಿಗೆ ಆ ಸೂಚನೆಯಿಂದೇನು ಬಂತು?

ಕೊಳ್ಳುವ ದಿನವೇ ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಡ್ರೈವರ್ ಕೇಳಿದರೆ ಒಪ್ಪಬೇಡಿ. ಕೆಲವು ಆಂಟಿ-ಚೀಟ್‌ಗಳು ಆಟ ಅಳಿಸಿದ ಮೇಲೂ ಉಳಿಯುತ್ತವೆ, ಅವನ್ನು ಬೇರೆಯಾಗಿ ತೆಗೆಯಬೇಕು. ರಿಫಂಡ್ ಅರ್ಜಿಯಲ್ಲಿ 'ಇಷ್ಟವಾಗಲಿಲ್ಲ' ಎಂದು ಬರೆಯದೆ, 'ಮಾರಿದ ನಂತರ ಬದಲಾಯಿಸಿದ್ದೀರಿ' ಎಂದೇ ಬರೆಯಿರಿ. ಸಿಟ್ಟಿನಲ್ಲಿ ಬ್ಯಾಂಕಿನ ಮೂಲಕ ಹಣ ವಾಪಸು ತರಿಸಿಕೊಳ್ಳಲು ಹೊರಡುವ ಮುನ್ನ ಮಳಿಗೆಯ ಷರತ್ತುಗಳನ್ನು ಓದಿ, ಏಕೆಂದರೆ ಒಂದು ಆಟದ ಹಣಕ್ಕಾಗಿ ನಿಮ್ಮ ಇಡೀ ಖಾತೆಗೇ ಅವರು ಬೀಗ ಹಾಕಬಹುದು.