ರೋಮನ್ ಚಕ್ರವರ್ತಿಗಳ ಮುಖಕ್ಕೆ ಯಾವ ನಾಣ್ಯ: ದಿನಾರಿಯಸ್ಸೋ, ಸೆಸ್ಟರ್ಷಿಯಸ್ಸೋ, ಕೊನೆಗಾಲದ ಕಂಚೋ?

ರೋಮನ್ ಚಕ್ರವರ್ತಿಗಳ ಮುಖ ನೋಡುವುದಕ್ಕೆಂದೇ ನಾಣ್ಯ ಕೊಳ್ಳುವವರಿಗೆ ನಾನು ಹೇಳುವುದು ಬೆಳ್ಳಿಯ ದಿನಾರಿಯಸ್ಸನ್ನೇ. ಹಿತ್ತಾಳೆಯ ದೊಡ್ಡ ಸೆಸ್ಟರ್ಷಿಯಸ್ಸನ್ನೂ ನಾಲ್ಕನೆಯ ಶತಮಾನದ ಪುಟ್ಟ ಕಂಚಿನ ನಾಣ್ಯಗಳನ್ನೂ ಕೊಂಡು, ಇಟ್ಟುಕೊಂಡು, ಕೆಲವನ್ನು ಮಾರಿದ ಮೇಲೆ ಈ ಮಾತು ಗಟ್ಟಿಯಾಗಿದೆ. ಚಿನ್ನದ ಆರಿಯಸ್ ನನ್ನ ಕೈಗೆ ಎಟುಕುವಂಥದ್ದಲ್ಲ, ಅದರ ಮಾತು ಇಲ್ಲಿ ಬೇಡ.

ನನ್ನ ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ಹಿಡಿದಿರುವವನು ಚಕ್ರವರ್ತಿ ಕರಾಕಲ್ಲಾ. ಅವನು ಹುಟ್ಟಿದ್ದು ಕ್ರಿ.ಶ. 188ರಲ್ಲಿ. 196ರಿಂದ 198ರವರೆಗೆ ‘ಸೀಸರ್’ ಎಂಬ, ಉತ್ತರಾಧಿಕಾರಿಯ ಪದವಿಯಲ್ಲಿ ಹೊರಟ ದಿನಾರಿಯಸ್‌ಗಳಲ್ಲಿ ಅವನು ದುಂಡು ಕೆನ್ನೆಯ, ಮೆತ್ತನೆಯ ಗಲ್ಲದ ಹುಡುಗ. ಮುಂದಿನ ವರ್ಷಗಳ ನಾಣ್ಯಗಳಲ್ಲಿ ಮುಖ ಉದ್ದವಾಗುತ್ತದೆ, ಕಿವಿಯ ಮುಂದೆ ಕೂದಲು ಇಳಿಯುತ್ತದೆ, ಆಮೇಲೆ ಗಡ್ಡ ಬರುತ್ತದೆ. 210ರಲ್ಲಿ ‘ಬ್ರಿಟಾನಿಕಸ್’ ಬಿರುದಿನ ಮೊದಲ ನಾಲ್ಕು ಲ್ಯಾಟಿನ್ ಅಕ್ಷರ (BRIT) ಹೆಸರಿನ ಕೊನೆಗೆ ಸೇರುತ್ತವೆ. ತಮ್ಮ ಗೇಟಾನನ್ನು ಕೊಲ್ಲಿಸಿದ ಮೇಲೆ, 213ರಿಂದ, ಅದೇ ಜಾಗದಲ್ಲಿ ‘ಜರ್ಮಾನಿಕಸ್’ನ ನಾಲ್ಕಕ್ಷರ (GERM) ಕಾಣುತ್ತವೆ. ಆ ಹೊತ್ತಿಗೆ ಕುತ್ತಿಗೆ ದಪ್ಪವಾಗಿದೆ, ಹುಬ್ಬುಗಳ ನಡುವೆ ಗಂಟು ಬಿದ್ದಿದೆ, ತುಟಿ ಬಿಗಿದಿದೆ. 217ರಲ್ಲಿ ಅವನ ಕೊಲೆಯಾಗುತ್ತದೆ. ಒಬ್ಬ ಮನುಷ್ಯ ಬಾಲ್ಯದಿಂದ ಸಾವಿನವರೆಗೆ ಬದಲಾಗುವುದನ್ನು ನೂರು ಪೌಂಡಿನೊಳಗಿನ ನಾಣ್ಯಗಳನ್ನು ಒಂದೊಂದಾಗಿ ಸೇರಿಸಿ ನೋಡಬಹುದು. ನಾನು ದಿನಾರಿಯಸ್‌ಗೆ ಸೋತದ್ದು ಇದಕ್ಕೆ.

ಇವು ಅಗ್ಗವಾಗಿ ಸಿಗುವುದಕ್ಕೆ ಕಾರಣವೂ ಇದೆ. ಅವನ ತಂದೆ ಸೆಪ್ಟಿಮಿಯಸ್ ಸೆವೆರಸ್ ಬೆಳ್ಳಿಯ ಪಾಲನ್ನು ಅರ್ಧದ ಸನಿಹಕ್ಕೆ ಇಳಿಸಿ, ಸೈನಿಕರ ಸಂಬಳಕ್ಕಾಗಿ ರಾಶಿ ರಾಶಿ ಟಂಕಿಸಿದ. ಬೆಳ್ಳಿ ಕಡಿಮೆಯಾದರೂ ಅಚ್ಚು ಕೊರೆಯುವವರ ಕೈ ಮಾತ್ರ ಇನ್ನೂ ಸೊರಗಿರಲಿಲ್ಲ.

ಈಗ ಸೆಸ್ಟರ್ಷಿಯಸ್. ಗಾತ್ರದಲ್ಲಿ ದಿನಾರಿಯಸ್ ಇದರ ಮುಂದೆ ನಿಲ್ಲುವುದಿಲ್ಲ. ಮೂವತ್ತು ಮಿಲಿಮೀಟರಿಗೂ ಮೀರಿದ ಅಗಲ, ಸುಮಾರು ಇಪ್ಪತ್ತೈದು ಗ್ರಾಂ ತೂಕ. ಕೆತ್ತುವವನಿಗೆ ಕೈಯಾಡಿಸಲು ಜಾಗವಿತ್ತು. ನೀರೋನ ಮಡಿಕೆಬಿದ್ದ ಗಲ್ಲ, ವೆಸ್ಪೇಸಿಯನ್ನನ ಬೋಳುತಲೆ, ಹೇಡ್ರಿಯನ್ನನ ಗಡ್ಡ, ಇವೆಲ್ಲ ಚೆನ್ನಾಗಿ ಉಳಿದ ಸೆಸ್ಟರ್ಷಿಯಸ್ಸಿನಲ್ಲಿ ಶಿಲ್ಪವೇ. ಆದರೆ ಆ ಶಿಲ್ಪ ಯಾರದು ಎಂಬ ಪ್ರಶ್ನೆಯೇ ನನ್ನನ್ನು ಈ ನಾಣ್ಯದಿಂದ ದೂರ ಮಾಡಿತು.

ಹಿತ್ತಾಳೆ ಮಣ್ಣಿನಲ್ಲಿ ಹದಿನೆಂಟು ಶತಮಾನ ಕಳೆದರೆ ಕಿಲುಬು ಹಿಡಿದು ಒರಟಾಗುತ್ತದೆ. ಅಂಥದ್ದನ್ನು ಕೆಲವರು ಸಣ್ಣ ಉಳಿ ಹಿಡಿದು ‘ಸುಧಾರಿಸುತ್ತಾರೆ’. ಮುಖದ ಸುತ್ತಲಿನ ಬಯಲನ್ನು ಕೆರೆದು ನುಣುಪು ಮಾಡುತ್ತಾರೆ, ಸವೆದ ಕೂದಲನ್ನು ಹೊಸದಾಗಿ ಕೊರೆಯುತ್ತಾರೆ, ಅಕ್ಷರಗಳ ಅಂಚನ್ನು ಚೂಪು ಮಾಡುತ್ತಾರೆ, ಕೊನೆಗೆ ಹಸಿರು ಬಣ್ಣ ಬರಿಸುತ್ತಾರೆ. ನಾನು ಒಬ್ಬ ವ್ಯಾಪಾರಿಯಿಂದ ಕೊಂಡ ಹೇಡ್ರಿಯನ್ನನ ಸೆಸ್ಟರ್ಷಿಯಸ್ ಇಂಥದ್ದು. ವಿವರಣೆಯಲ್ಲಿ ಈ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮನೆಯಲ್ಲಿ ದೀಪವನ್ನು ಪಕ್ಕಕ್ಕೆ ತಗ್ಗಿಸಿಟ್ಟು ಹತ್ತು ಪಟ್ಟಿನ ಭೂತಕನ್ನಡಿಯಲ್ಲಿ ನೋಡಿದಾಗ ಮೊದಲು ಕಂಡದ್ದು ಸವೆತದ ವ್ಯತ್ಯಾಸ. ಮೂಗಿನ ತುದಿ, ಕೆನ್ನೆಯ ಉಬ್ಬು, ಕಿವಿ ಎಲ್ಲವೂ ನಯವಾಗಿ ಸವೆದಿದ್ದವು. ಅಷ್ಟೇ ಎತ್ತರದಲ್ಲಿರುವ ಗಡ್ಡದ ಸುರುಳಿಗಳು ಮಾತ್ರ ನಿನ್ನೆ ಕೊರೆದಂತೆ ಹರಿತ. ಕೈಯಿಂದ ಕೈಗೆ ಓಡಾಡಿದ ನಾಣ್ಯ ಗಡ್ಡವನ್ನು ಬಿಟ್ಟು ಮೂಗನ್ನಷ್ಟೇ ಸವೆಸಿಕೊಳ್ಳುವುದಿಲ್ಲ. ಕೂದಲಿನ ಎಳೆಗಳ ನಡುವಿನ ತಗ್ಗಿನಲ್ಲಿ ಒಂದೇ ದಿಕ್ಕಿಗೆ ಓಡುವ ಗೀರುಗಳಿದ್ದವು. ಅಚ್ಚಿನ ಏಟಿಗೆ ಲೋಹ ಹರಿದು ಮೇಲೆದ್ದ ಅಕ್ಷರದ ಬುಡ ಬಯಲಿನೊಂದಿಗೆ ಬೆರೆತಂತಿರುತ್ತದೆ. ಇಲ್ಲಿ ಅಕ್ಷರಗಳು ಗೋಡೆಯಂತೆ ನೆಟ್ಟಗೆ ನಿಂತಿದ್ದವು.

ಅನುಮಾನ ತೀರಿದ್ದು ಜೋಡಿ ಸಿಕ್ಕ ಮೇಲೆ. ಆ ಕಾಲದ ಅಚ್ಚುಗಳನ್ನೆಲ್ಲ ಕೈಯಲ್ಲೇ ಕೊರೆಯುತ್ತಿದ್ದುದರಿಂದ ಒಂದು ಅಚ್ಚಿನ ಹಾಗೆ ಇನ್ನೊಂದು ಇರುವುದಿಲ್ಲ; ಒಂದೇ ಅಚ್ಚಿನಿಂದ ಬಿದ್ದ ನಾಣ್ಯಗಳಲ್ಲಿ ಮಾತ್ರ ಕೂದಲು, ಅಕ್ಷರದ ಅಂತರ, ತಲೆಯ ಎಲೆಮಾಲೆ ಕಟ್ಟಿದ ಪಟ್ಟಿಯ ಗಂಟು ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ‘ಓಕ್ರೆ’ ಎಂಬ ರೋಮನ್ ನಾಣ್ಯಗಳ ಉಚಿತ ಜಾಲತಾಣವನ್ನೂ ಹಳೆಯ ಹರಾಜುಗಳ ಚಿತ್ರಗಳನ್ನೂ ಜಾಲಾಡಿ ಅದೇ ಅಚ್ಚಿನ ಇನ್ನೊಂದು ನಾಣ್ಯ ಹಿಡಿದೆ. ಅಕ್ಷರಗಳ ಜಾಗ ಕರಾರುವಾಕ್ಕಾಗಿ ಹೊಂದಿತು. ಕಿವಿಯ ಮೇಲಿನ ಸುರುಳಿ ಅದರಲ್ಲಿ ಹಿಂದಕ್ಕೆ ಬಾಗಿತ್ತು, ನನ್ನದರಲ್ಲಿ ಮುಂದಕ್ಕೆ. ಅಂದರೆ ನಾನು ಇಷ್ಟಪಟ್ಟ ಆ ಗಡ್ಡವನ್ನು ಮಾಡಿದವನು ಎರಡನೆಯ ಶತಮಾನದ ರೋಮಿನವನಲ್ಲ, ನಮ್ಮ ಕಾಲದ ಯಾವನೋ ಒಬ್ಬ. ವ್ಯಾಪಾರಿ ‘ಅದು ಬರಿಯ ಶುಚಿಗೊಳಿಸುವಿಕೆ’ ಎಂದು ಹಟ ಹಿಡಿದ, ಹಣ ಪೂರ್ತಿ ಮರಳಿಸಲಿಲ್ಲ. ಮುಖಕ್ಕಾಗಿಯೇ ನಾಣ್ಯ ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ.

ಕೈಯಾಡದ ಸೆಸ್ಟರ್ಷಿಯಸ್ ಇಲ್ಲವೆಂದಲ್ಲ. ಇದೆ, ಆದರೆ ಒಳ್ಳೆಯ ಮುಖವಿದ್ದರೆ ಬೆಲೆ ನನ್ನ ಅಳತೆ ಮೀರುತ್ತದೆ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಡುವಾ ಊರಿನ ಜೊವಾನ್ನಿ ದ ಕವೀನೋ ಇದೇ ಸೆಸ್ಟರ್ಷಿಯಸ್‌ಗಳ ಅಂದವಾದ ಅನುಕೃತಿಗಳನ್ನು ಮಾಡಿದ್ದ ಎನ್ನುವುದನ್ನೂ ಕೊಳ್ಳುವವರು ನೆನಪಿಡಬೇಕು.

ದಿನಾರಿಯಸ್‌ಗೆ ಈ ಕಾಟ ಕಡಿಮೆ. ಹತ್ತೊಂಬತ್ತು ಮಿಲಿಮೀಟರಿನ ಅಗ್ಗದ ನಾಣ್ಯದಲ್ಲಿ ಗಡ್ಡ ಕೊರೆಯುವ ಶ್ರಮಕ್ಕೆ ಬೆಲೆ ಹುಟ್ಟುವುದಿಲ್ಲ. ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ ಪ್ರಾಚೀನ ಖೋಟಾಗಳು ಇವೆ. ಅಂಚಿನಲ್ಲಿ ಕೆಂಪು ಇಣುಕುತ್ತಿದೆಯೇ, ತೂಕ ಮೂರು ಗ್ರಾಂ ಆಸುಪಾಸಿನಲ್ಲಿದೆಯೇ ಎಂದು ನೋಡಿಕೊಂಡರೆ ಬಹುಪಾಲು ಸಾಕು.

ಕೊನೆಗಾಲದ ಕಂಚಿನ ನಾಣ್ಯಗಳ ದೊಡ್ಡ ಗುಣ ಬೆಲೆ. ಹದಿನೈದಿಪ್ಪತ್ತು ಪೌಂಡಿಗೆ ಕಾನ್‌ಸ್ಟಂಟೀನ್ ಸಿಗುತ್ತಾನೆ. ನಾನಿರುವ ಇಂಗ್ಲೆಂಡಿನಲ್ಲಿ, 325ರಲ್ಲಿ ಮುಚ್ಚಿದ ಲಂಡನ್ ಟಂಕಸಾಲೆಯ ಗುರುತಿರುವ ನಾಣ್ಯವನ್ನು ಲಂಡನ್ನಿನಲ್ಲೇ ಕೊಳ್ಳುವ ಸಂತೋಷವೂ ಉಂಟು. ಮುಖ ಮಾತ್ರ ಬೇರೆ ಕಥೆ. 293ರಲ್ಲಿ ಸಾಮ್ರಾಜ್ಯವನ್ನು ನಾಲ್ವರು ಹಂಚಿಕೊಂಡು ಆಳುವುದು ಶುರುವಾದ ಮೇಲೆ ಎಲ್ಲರಿಗೂ ಅದೇ ಚೌಕಾಕಾರದ ತಲೆ, ಅದೇ ಕುರುಚಲು ಗಡ್ಡ. ಹೆಸರು ಓದದೆ ಡಯೊಕ್ಲೀಷಿಯನ್ ಯಾರು, ಮ್ಯಾಕ್ಸಿಮಿಯನ್ ಯಾರು ಎಂದು ಹೇಳುವುದು ನನಗೆ ಸಾಧ್ಯವಾಗಿಲ್ಲ. ಅಲ್ಲಿ ಕೆತ್ತಿದ್ದು ಅಧಿಕಾರವನ್ನು, ಮನುಷ್ಯನನ್ನಲ್ಲ. ಇತಿಹಾಸಕ್ಕಾಗಿ ಕೊಳ್ಳುವವರಿಗೆ ಇವು ಬಂಗಾರ. ನನಗೆ ಬೇಕಿರುವುದು ಮುಖ. ತಿಳಿಹಸಿರು ಪುಡಿ ಉದುರುವ ಕಂಚನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಅದು ಒಳಗೊಳಗೇ ತಿನ್ನುತ್ತಿರುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಟೈಬೀರಿಯಸ್ಸನ ದಿನಾರಿಯಸ್ ಸಿಕ್ಕಿತ್ತು. ಯಶವಂತಪುರದಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆತಿದೆ. ಹಾಗೆಂದು ‘ಹೊಲದಲ್ಲಿ ಸಿಕ್ಕಿತು’ ಎಂದು ಯಾರಾದರೂ ತಂದುಕೊಟ್ಟರೆ ಕೊಳ್ಳಬೇಡಿ. 1878ರ ನಿಧಿ ಕಾಯಿದೆಯ ಪ್ರಕಾರ ಅಂಥದ್ದನ್ನು ಸರಕಾರಕ್ಕೆ ತಿಳಿಸಬೇಕು. ನಾನು ಹಳೆಯ ಸಂಗ್ರಹದ ಚೀಟಿ ಅಥವಾ ಹರಾಜಿನ ದಾಖಲೆ ಇಲ್ಲದ ನಾಣ್ಯವನ್ನು ಈಗ ಮುಟ್ಟುವುದಿಲ್ಲ.

ನನ್ನದು ಸಂಬಳದಲ್ಲಿ ಉಳಿದದ್ದರಲ್ಲಿ ಕೊಳ್ಳುವ ಅಭ್ಯಾಸ. ರಾತ್ರಿ ಊಟವಾದ ಮೇಲೆ ಅಂಚು ಹಿಡಿದು ಕೈಯಲ್ಲೇ ನೋಡುತ್ತೇನೆ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡುವುದಿಲ್ಲ. ಇದಕ್ಕೆಲ್ಲ ಸೆವೆರಸ್ ಮನೆತನದ ದಿನಾರಿಯಸ್ ಒಪ್ಪುತ್ತದೆ. ಹಣಕ್ಕೆ ಚಿಂತೆಯಿಲ್ಲದವರು, ಅಚ್ಚಿನ ಜೋಡಿ ಹುಡುಕುವ ತಾಳ್ಮೆಯುಳ್ಳವರು ಸೆಸ್ಟರ್ಷಿಯಸ್‌ಗೆ ಹೋಗಲಿ, ಅದರ ಸೊಗಸು ನಿಜವಾದದ್ದೇ. ನಾನು ಈಗ ಹುಡುಕುತ್ತಿರುವುದು ಗೇಟಾನ ಕೊನೆಯ ವರ್ಷಗಳ ದಿನಾರಿಯಸ್. ಅಣ್ಣ ಅವನ ಹೆಸರನ್ನು ಶಾಸನಗಳಿಂದ ಅಳಿಸಿಹಾಕಿಸಿದ, ನಾಣ್ಯಗಳು ಮಾತ್ರ ಉಳಿದುಕೊಂಡವು. ಗಡ್ಡ ಬಂದ ಆ ಮುಖದಲ್ಲಿ ಅವನು ತಂದೆಯನ್ನೇ ಹೋಲುತ್ತಾನೆ.